ದಿ ಡೆವಿಲ್ಸ್ ಡಾಟರ್: ತಲೆಗಿದ್ದ ಕೆಲಸ ಬೆರಳಿಗೆ ಬಂತು

ಶೆರ್ಲಾಕ್ ಹೋಮ್ಸ್ ಕಾಡಿನಲ್ಲಿ ಬಿದ್ದು ಎದ್ದು ಓಡುತ್ತಿದ್ದಾನೆ. ಹಿಂದಿನಿಂದ ಯಾರೋ ಗುಂಡು ಹಾರಿಸುತ್ತಿದ್ದಾರೆ. ಮರದ ಮರೆ ಸೇರಬೇಕು, ಗುಂಡಿನ ನಡುವೆ ಸಿಕ್ಕ ಬಿಡುವಿನಲ್ಲಿ ಮುಂದಿನ ಮರಕ್ಕೆ ಹಾರಬೇಕು, ಅರೆಕ್ಷಣ ತಡವಾದರೆ ಸತ್ತು ಮತ್ತೆ ಅಲ್ಲಿಂದಲೇ ಶುರು. 2016ರ ಜೂನ್ 10ರಂದು ಬಂದ ‘ಶೆರ್ಲಾಕ್ ಹೋಮ್ಸ್: ದಿ ಡೆವಿಲ್ಸ್ ಡಾಟರ್’ ಎನ್ನುವ ಪತ್ತೇದಾರಿ ವಿಡಿಯೊ ಗೇಮ್ ಬಾಗಿಲು ತೆರೆಯುವುದು ಹೀಗೆ. ಶಿಕಾರಿ ಕಥೆ ಕೇಳಿಕೊಂಡೇ ಬೆಳೆದ ಮಲೆನಾಡಿನವರಿಗೆ ಈ ದೃಶ್ಯದಲ್ಲಿ ವಿಶೇಷ ಏನೂ ಕಾಣುವುದಿಲ್ಲ. ಕಣ್ಣಿಗೆ ಕುಟುಕುವುದು ಒಂದೇ: ಹೋಮ್ಸ್‌ನಂಥ ಹೋಮ್ಸ್‌ಗೆ ಇಲ್ಲಿ ತಲೆಯಿಂದ ಆಗಬೇಕಾದ ಕೆಲಸವೇ ಇಲ್ಲ.

ಆಟ ಮಾಡಿದವರು ಫ್ರಾಗ್‌ವೇರ್ಸ್. ಯುಕ್ರೇನಿನ ಕೀವ್ ನಗರದ ಸ್ಟುಡಿಯೊ, 2000ದಿಂದ ಆಟ ಕಟ್ಟುತ್ತಿದೆ, ಹೋಮ್ಸ್ ಆಟಗಳಿಗೇ ಹೆಸರಾದದ್ದು. ಇದಕ್ಕೆ ಹಿಂದಿನ ಆಟ 2014ರ ಸೆಪ್ಟೆಂಬರ್‌ನಲ್ಲಿ ಬಂದ ‘ಕ್ರೈಮ್ಸ್ ಆ್ಯಂಡ್ ಪನಿಷ್‌ಮೆಂಟ್ಸ್’. ಅದನ್ನು ಆಡಿ ಮುಗಿಸಿ ‘ಇನ್ನೊಂದು ಇಂಥದ್ದು ಬರಲಿ’ ಎಂದು ಕಾದಿದ್ದವರಿಗೇ ‘ಡೆವಿಲ್ಸ್ ಡಾಟರ್’ ಹೆಚ್ಚು ಬೇಸರ ಮಾಡಿದ್ದು. ಹೊಸದಾಗಿ ಆಡುವವರಿಗೆ ಇದು ಒಂದು ಸಾಧಾರಣ ಆಟ, ಅಷ್ಟೇ. ಹಿಂದಿನದನ್ನು ಆಡಿದವರಿಗೆ ಮಾತ್ರ ಏನು ಕಳೆದುಹೋಯಿತು ಎನ್ನುವುದು ಲೆಕ್ಕ ಹಾಕಿ ಹೇಳುವಷ್ಟು ಸ್ಪಷ್ಟ. ಹಾಗಾಗಿ ಮೊದಲು ಅದರ ವಿಷಯ.

‘ಕ್ರೈಮ್ಸ್ ಆ್ಯಂಡ್ ಪನಿಷ್‌ಮೆಂಟ್ಸ್’ನಲ್ಲಿ ಆರು ಪ್ರಕರಣಗಳಿವೆ. ಮೊದಲನೆಯದೇ ಬ್ಲ್ಯಾಕ್ ಪೀಟರ್. ತಿಮಿಂಗಿಲ ಬೇಟೆಗೆ ಹೋಗುತ್ತಿದ್ದ ಹಡಗಿನ ಹಳೆಯ ಕ್ಯಾಪ್ಟನ್ ಒಬ್ಬ, ತನ್ನ ಮರದ ಕೋಣೆಯಲ್ಲೇ ಹಾರ್ಪೂನ್ ಈಟಿ ನೆಟ್ಟು ಗೋಡೆಗೆ ಅಂಟಿಕೊಂಡು ಸತ್ತಿದ್ದಾನೆ. ನೀವು ಕೋಣೆ ಸುತ್ತುತ್ತೀರಿ, ಮೇಜಿನ ಮೇಲಿನದ್ದನ್ನು ನೋಡುತ್ತೀರಿ, ಹೊರಗೆ ತೋಟದ ಹೆಜ್ಜೆಗುರುತು ನೋಡುತ್ತೀರಿ. ಆಮೇಲೆ ಒಂದು ಹಂದಿಯ ಹೆಣವನ್ನು ತೂಗುಹಾಕಿ ಹಾರ್ಪೂನ್ ಎಸೆದು ನೋಡುವ ಪ್ರಯೋಗ. ಯಾವ ಬಗೆಯ ಈಟಿ, ಎಷ್ಟು ತಾಕತ್ತಿನ ಕೈ ಅಂತ ಇಲ್ಲಿ ಗೊತ್ತಾಗುತ್ತದೆ. ಇದೂ ಒಂದು ಸಣ್ಣ ಕೈಚಳಕದ ಆಟವೇ, ಇಲ್ಲ ಅನ್ನುವಂತಿಲ್ಲ. ಆದರೆ ಎಸೆದು ಮುಗಿದ ಮೇಲೆ ನಿಮ್ಮ ಕೈಯಲ್ಲಿ ಒಂದು ಸುಳಿವು ಉಳಿಯುತ್ತದೆ. ಆ ಸುಳಿವಿಗೆ ಮುಂದೆ ಕೆಲಸವಿದೆ.

ಆ ಕೆಲಸ ನಡೆಯುವುದು ತರ್ಕದ ಹಲಗೆಯ ಮೇಲೆ. ಒಂದು ಬಟನ್ ಒತ್ತಿದರೆ ಹೋಮ್ಸ್‌ನ ತಲೆಯೊಳಗಿನ ನರಗಳ ಜಾಲದ ಹಾಗೆ ಒಂದು ಚಿತ್ರ ತೆರೆದುಕೊಳ್ಳುತ್ತದೆ. ಬದಿಯಲ್ಲಿ ಸುಳಿವುಗಳ ಪಟ್ಟಿ. ಒಂದಕ್ಕೊಂದು ಹೊಂದುವ ಎರಡನ್ನು ಆರಿಸಿ ಜೋಡಿಸಿದರೆ ಒಂದು ತೀರ್ಮಾನದ ಗಂಟು ಹುಟ್ಟುತ್ತದೆ. ಕೆಲವು ಗಂಟುಗಳಿಗೆ ಎರಡು ಅರ್ಥ. ‘ಕೊಂದವನು ತುಂಬಾ ಬಲಶಾಲಿ’ ಎಂದು ಇಟ್ಟುಕೊಳ್ಳಬಹುದು, ‘ಅಂಥ ಬಲವೇನೂ ಬೇಕಿರಲಿಲ್ಲ’ ಎಂದೂ ಇಟ್ಟುಕೊಳ್ಳಬಹುದು. ಯಾವುದು ಸರಿ ಅಂತ ಆಟ ಹೇಳುವುದಿಲ್ಲ. ಒಂದಕ್ಕೊಂದು ಎದುರಾಡದ ಹಾಗೆ ಗಂಟುಗಳ ಸರಪಳಿ ಕೂಡಿದರೆ ಕೊನೆಯಲ್ಲಿ ಒಂದು ನಿರ್ಣಯ ಬೆಳಗುತ್ತದೆ, ಇಂಥವನೇ ಕೊಲೆಗಾರ ಅಂತ. ಎದುರಾಡಿದರೆ ಆ ದಾರಿ ಮುಚ್ಚಿಕೊಳ್ಳುತ್ತದೆ. ನೀವು ಒಂದೇ ಒಂದು ಗಂಟನ್ನು ಮಗುಚಿದರೆ ಬೆಳಕು ಇನ್ನೊಬ್ಬನ ಮೇಲೆ ಬೀಳುತ್ತದೆ. ಸುಳಿವುಗಳು ಅವೇ, ಅಪರಾಧಿ ಮಾತ್ರ ಬೇರೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಹೆಸರು ಹೇಳಿದ ಮೇಲೆ ಶಿಕ್ಷೆಗೆ ಒಪ್ಪಿಸುವುದೋ, ಕರುಣೆ ತೋರಿ ಬಿಡುವುದೋ ಎಂದು ಆಟ ಕೇಳುತ್ತದೆ. ತಪ್ಪು ಮನುಷ್ಯನನ್ನು ಒಪ್ಪಿಸಿದರೂ ಆಟ ನಿಲ್ಲದೆ ಮುಂದೆ ಹೋಗುತ್ತದೆ. ಪ್ರಕರಣ ಮುಗಿದ ಮೇಲೆ ‘ಸರಿಯೋ ತಪ್ಪೋ ನೋಡಬೇಕೆ?’ ಎನ್ನುವ ಆಯ್ಕೆ ಇದೆ. ನೋಡದೆಯೇ ಮುಂದೆ ಹೋಗಬಹುದು. ಹಲವರು ನೋಡುವುದಿಲ್ಲ, ನೋಡಬಾರದು ಎಂದೇ ಪಣ ತೊಟ್ಟವರೂ ಇದ್ದಾರೆ. ಒಬ್ಬ ನಿರಪರಾಧಿಯನ್ನು ಗಲ್ಲಿಗೆ ಕಳಿಸಿದೆವೋ ಏನೋ ಎನ್ನುವ ಅನುಮಾನ ಮುಂದಿನ ಪ್ರಕರಣದಲ್ಲೂ ಬೆನ್ನಿಗಿರಲಿ ಎಂದು.

ಮಳೆಗಾಲದ ಸಂಜೆ ಮನೆಯಲ್ಲಿ ನಾಲ್ಕು ಜನ ಸೇರಿದಾಗ ಈ ಆಟ ಏನು ಮಾಡುತ್ತದೆ ಎಂದು ಊಹಿಸಿಕೊಳ್ಳಿ. ಕಂಟ್ರೋಲರ್ ಒಬ್ಬರ ಕೈಯಲ್ಲಿ, ಬಾಯಿ ನಾಲ್ವರದೂ. ‘ಆ ಹುಡುಗನ ಕೈಲಿ ಅಷ್ಟು ಜೋರಾಗಿ ಎಸೆಯೋಕಾಗುತ್ತಾ?’ ‘ಅವನಲ್ಲ ಮಾರಾಯ, ತೋಟದವನ ಮಾತು ಕೇಳಿದ್ಯಾ ಸರಿಯಾಗಿ?’ ಹಲಸಿನ ಹಪ್ಪಳದ ತಟ್ಟೆ ಖಾಲಿಯಾಗುವವರೆಗೂ ವಾದ. ನಮ್ಮ ಕಡೆ ತಾಳಮದ್ದಳೆ ನೋಡಿದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು ಮಾತಿನಲ್ಲೇ ಯುದ್ಧ. ಕೇಳುವವರಿಗೆ ಬೇಕಿರುವುದೂ ಅದೇ. ‘ಡೆವಿಲ್ಸ್ ಡಾಟರ್’ ಮಾಡಿದ್ದು ಏನೆಂದರೆ, ಅರ್ಥಧಾರಿ ಒಳ್ಳೆಯ ಪ್ರಶ್ನೆ ಎಸೆದು ಎದುರಾಳಿ ಬಾಯಿ ತೆರೆಯುವ ಹೊತ್ತಿಗೆ ಸಭೆಯ ನಡುವೆ ಹಗ್ಗದ ಮೇಲೆ ನಡೆಯುವವರನ್ನು ಕರೆತಂದು ನಿಲ್ಲಿಸಿದ್ದು.

‘ಡೆವಿಲ್ಸ್ ಡಾಟರ್’ನಲ್ಲೂ ತರ್ಕದ ಹಲಗೆ ಇದೆ, ಗಂಟಿದೆ, ಎರಡು ಅರ್ಥವಿದೆ, ಕೊನೆಯಲ್ಲಿ ಶಿಕ್ಷೆ ಅಥವಾ ಕ್ಷಮೆಯ ಆಯ್ಕೆ ಇದೆ. ಏನನ್ನೂ ಕಿತ್ತು ಬಿಸಾಡಿಲ್ಲ. ಅದಕ್ಕೇ ಏನಾಯಿತೆಂದು ಹೇಳುವುದು ಸ್ವಲ್ಪ ಕಷ್ಟ. ಕಿತ್ತಿಲ್ಲ, ಆದರೆ ಸುತ್ತ ತುಂಬಿದ್ದಾರೆ. ಒಂದು ಸುಳಿವಿಗೂ ಮುಂದಿನ ಸುಳಿವಿಗೂ ನಡುವೆ ಬೆರಳಿನ ಪರೀಕ್ಷೆಗಳು. ಅವುಗಳಲ್ಲಿ ಮೂರನ್ನು ಹತ್ತಿರದಿಂದ ನೋಡಿದರೆ ಸಾಕು.

ಮೊದಲನೆಯ ಪ್ರಕರಣ ‘ಪ್ರೇ ಟೆಲ್’. ಟಾಮ್ ಎನ್ನುವ ಹುಡುಗ ಹೋಮ್ಸ್‌ನ ಮನೆಯಿರುವ ಬೇಕರ್ ಸ್ಟ್ರೀಟಿಗೆ ಬಂದು, ಕೆಲಸ ಸಿಗುತ್ತದೆ ಅಂತ ಹೋದ ಅಪ್ಪ ವಾಪಸ್ ಬಂದಿಲ್ಲ ಎನ್ನುತ್ತಾನೆ. ಕಥೆಯ ಬೀಜ ಗಟ್ಟಿ, ಬಡವರ ಓಣಿಯ ಹೊಟ್ಟೆಪಾಡಿನ ವಿಷಯ. ಸ್ವಲ್ಪ ಹೊತ್ತಿಗೆ ನಿಮ್ಮ ಕೈಗೆ ಬೀದಿ ಹುಡುಗ ವಿಗಿನ್ಸ್ ಬರುತ್ತಾನೆ, ಒಬ್ಬ ಅನುಮಾನದ ಮನುಷ್ಯನನ್ನು ಹಿಂಬಾಲಿಸಬೇಕು. ಆ ಮನುಷ್ಯ ನಾಲ್ಕು ಹೆಜ್ಜೆ ನಡೆಯುತ್ತಾನೆ, ತಿರುಗಿ ನೋಡುತ್ತಾನೆ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ತಿರುಗು. ಅವನು ತಿರುಗುವ ಮೊದಲು ನೀವು ಗೋಡೆ ಮರೆಗೋ ಪೆಟ್ಟಿಗೆ ಹಿಂದೆಯೋ ಇರಬೇಕು. ತುಂಬಾ ಹತ್ತಿರ ಹೋದರೆ ಸೋಲು, ತುಂಬಾ ದೂರ ಉಳಿದರೂ ಸೋಲು. ನಡುವೆ ಮನೆಗಳ ಮಾಡು ಹತ್ತಿ ಇಳಿಯುವುದೂ ಇದೆ.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಬ್ಬದ ಹಿಂದಿನ ದಿನ ಸಂಜೆ ಯಾರನ್ನಾದರೂ ಹಿಂಬಾಲಿಸಬೇಕೆಂದರೆ ಬಚ್ಚಿಟ್ಟುಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಜನ ಇರುವುದೇ ಮರೆ. ಅವನು ಯಾವ ಅಂಗಡಿ ಮುಂದೆ ನಿಂತ, ಯಾರಿಗೆ ತಲೆಯಾಡಿಸಿದ, ಕೈಯಲ್ಲಿದ್ದ ಚೀಲ ಯಾವ ತಿರುವಿನಲ್ಲಿ ಹಗುರಾಯಿತು ಎನ್ನುವುದು ಪತ್ತೇದಾರನಿಗೆ ಬೇಕಾದ ವಿಷಯ. ವಿಗಿನ್ಸ್‌ನಿಂದ ಆಟ ಅದನ್ನು ಕೇಳಬಹುದಿತ್ತು. ಕೇಳುವುದಿಲ್ಲ. ನೀವು ಹಿಂಬಾಲಿಸಿದ ದಾರಿಯಲ್ಲಿ ಏನನ್ನೂ ಗಮನಿಸದಿದ್ದರೂ ನಡೆಯುತ್ತದೆ, ಸಿಕ್ಕಿಬೀಳದಿದ್ದರೆ ಸಾಕು. ಹದಿನೈದು ತಿರುವು ನೋಡಿಕೊಂಡು ಬಂದ ಮೇಲೆ ಹಲಗೆಯ ಮೇಲೆ ಕೂರುವುದು ‘ಅವನು ಇಂಥಲ್ಲಿಗೆ ಹೋದ’ ಎನ್ನುವ ಒಂದು ಸಾಲು. ಹಿಂದಿನ ಆಟವಾಗಿದ್ದರೆ ಆ ಸಾಲು ಒಂದು ಗುಡ್ಡೆ ಕಾಗದದೊಳಗೆ ಇರುತ್ತಿತ್ತು, ನೀವು ಹುಡುಕಿ ತೆಗೆಯುತ್ತಿದ್ದಿರಿ.

ಎರಡನೆಯದು ತೊಲೆಯ ಮೇಲಿನ ನಡಿಗೆ. ಕಿರಿದಾದ ಹಲಗೆ ಅಥವಾ ತೊಲೆ, ಕೆಳಗೆ ಆಳ. ಹೋಮ್ಸ್ ಎಡಕ್ಕೆ ವಾಲುತ್ತಾನೆ, ನೀವು ಬಲಕ್ಕೆ ಎಳೆಯಬೇಕು. ಬಲಕ್ಕೆ ಎಳೆದ ಕೂಡಲೇ ಬಲಕ್ಕೆ ವಾಲುತ್ತಾನೆ. ತೂಕ ನಡುವೆ ನಿಲ್ಲಿಸಿಕೊಂಡೇ ಮುಂದೆ ಹೆಜ್ಜೆ. ಕಂಟ್ರೋಲರಿನ ಸ್ಟಿಕ್ ಇದ್ದರೆ ಕೂದಲೆಳೆಯಷ್ಟು ಅಲುಗಿಸಿ ಸಂಭಾಳಿಸಬಹುದು. ಕೀಬೋರ್ಡ್‌ನಲ್ಲಿ ಕೀ ಅಂದರೆ ಒತ್ತಿದ್ದು ಇಲ್ಲವೇ ಬಿಟ್ಟದ್ದು, ಅರ್ಧ ಒತ್ತುವುದು ಅಂತಿಲ್ಲ. ಹಾಗಾಗಿ ಕೀಬೋರ್ಡಿನಲ್ಲಿ ಆಡುವವರು ಕೀಯನ್ನು ಹಿಡಿದುಕೊಳ್ಳದೆ, ಚಿಕ್ಕಚಿಕ್ಕದಾಗಿ ತಟ್ಟಿ ಬಿಡಬೇಕು. ವಾಲಿದ ಮೇಲೆ ತಿದ್ದಲು ಹೋಗಬೇಡಿ, ವಾಲಲು ಶುರುವಾದ ಕ್ಷಣ ತಟ್ಟಿ. ಹಳ್ಳಕ್ಕೆ ಅಡಿಕೆ ಮರ ಅಡ್ಡ ಹಾಕಿದ ಕಾಲುಸಂಕದ ಮೇಲೆ ಜುಲೈ ಮಳೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಈ ಹೋಮ್ಸ್‌ಗಿಂತ ಸಲೀಸಾಗಿ ದಾಟುತ್ತಾರೆ. ಅಲ್ಲಿ ಕಣ್ಣು ಆಚೆ ದಡದ ಮೇಲಿರುತ್ತದೆ. ಇಲ್ಲಿ ಕಣ್ಣೆಲ್ಲ ತೂಕದ ಗುರುತಿನ ಮೇಲೆ. ಬೀಳುವ ಭಯಕ್ಕಿಂತ ಬಿದ್ದು ಮತ್ತೆ ಮೊದಲಿಂದ ನಡೆಯಬೇಕಲ್ಲ ಎನ್ನುವ ಬೇಜಾರೇ ಹೆಚ್ಚು.

ಮೂರನೆಯದು ಎರಡನೇ ಪ್ರಕರಣ ‘ಎ ಸ್ಟಡಿ ಇನ್ ಗ್ರೀನ್’ನಲ್ಲಿ ಬರುವ ಮಾಯನ್ ದೇಗುಲ. ಪ್ರಕರಣದ ತಿರುಳು ಚೆನ್ನಾಗಿದೆ: ಹುಲ್ಲಿನ ಮೈದಾನದಲ್ಲಿ ಚೆಂಡು ಉರುಳಿಸುವ ಬೌಲ್ಸ್ ಆಟದ ಕ್ಲಬ್ಬು, ದೂರದೇಶದಿಂದ ಬಂದ ಒಂದು ವಿಗ್ರಹ, ವಿಗ್ರಹವೇ ಎದ್ದು ಬಂದು ಕೊಂದಿತು ಎನ್ನುವ ಪುಕಾರು. ಭೂತ ಕೊಂದಿತು, ಚೌಡಿ ಹಿಡಿಯಿತು ಎನ್ನುವ ಮಾತಿನ ಹಿಂದೆ ಮನುಷ್ಯನ ಕೈ ಹುಡುಕುವುದಕ್ಕಿಂತ ಒಳ್ಳೆಯ ಪತ್ತೇದಾರಿ ವಸ್ತು ಬೇಕೆ? ಆದರೆ ನಡುವೆ ನೀವು ಬಲೆ, ಬಾಣ, ಕುಸಿಯುವ ನೆಲದ ದೇಗುಲದಲ್ಲಿ ಸಿಕ್ಕಿಕೊಳ್ಳುತ್ತೀರಿ. ಸತ್ತು ಸತ್ತು ಬಲೆಯ ತಾಳ ಕಲಿಯಬೇಕು. ಯಾವ ಕಲ್ಲು ಸುರಕ್ಷಿತ ಎನ್ನುವುದು ಗೊತ್ತಾಗುವುದು ತರ್ಕದಿಂದಲ್ಲ, ತಪ್ಪು ಕಲ್ಲಿನ ಮೇಲೆ ಕಾಲಿಟ್ಟು ಸತ್ತ ಮೇಲೆ. ಸಾಹಸದ ಸಿನಿಮಾದ ಹೀರೋಗೆ ಒಪ್ಪುವ ಭಾಗ ಇದು. ಅದೇ ಪ್ರಕರಣದಲ್ಲಿ ಬೌಲ್ಸ್ ಆಡುವ ಅವಕಾಶವೂ ಇದೆ. ಅದು ಪರವಾಗಿಲ್ಲ, ನಿಧಾನವಾದ್ದರಿಂದ ಎದುರಿನವರ ಸ್ವಭಾವ ನೋಡಲು ಬಿಡುವು ಸಿಗುತ್ತದೆ.

ಇವುಗಳ ತೊಂದರೆ ಕಷ್ಟ ಎನ್ನುವುದಲ್ಲ. ಹಿಂದಿನ ಆಟದಲ್ಲಿ ತಪ್ಪಿದರೆ ಒಬ್ಬ ಮನುಷ್ಯನ ಕುತ್ತಿಗೆಗೆ ಬರುತ್ತಿತ್ತು, ಆ ತಪ್ಪು ನಿಮ್ಮ ಜೊತೆ ಉಳಿಯುತ್ತಿತ್ತು. ಈ ಆಟದಲ್ಲಿ ನಿಮ್ಮ ಹೆಚ್ಚಿನ ತಪ್ಪುಗಳು ಬೆರಳಿನವು. ಪರದೆ ಕಪ್ಪಾಗುತ್ತದೆ, ಅರ್ಧ ನಿಮಿಷ ಹಿಂದಕ್ಕೆ ಹೋಗುತ್ತೀರಿ, ತಪ್ಪು ಆಗಿಯೇ ಇರಲಿಲ್ಲ ಎಂಬಂತೆ ಅಳಿಸಿಹೋಗುತ್ತದೆ. ತೂಕವಿರುವ ತಪ್ಪು ಮಾಡುವ ಜಾಗ ಇನ್ನೂ ಇದೆ, ಆದರೆ ಅಲ್ಲಿಗೆ ತಲುಪುವಷ್ಟರಲ್ಲಿ ಆಟಗಾರನ ಗಮನ ಚೂರುಚೂರಾಗಿರುತ್ತದೆ. ಅರ್ಧ ಗಂಟೆ ಮಾಡಿನಿಂದ ಮಾಡಿಗೆ ಹಾರಿ ಬಂದವನಿಗೆ, ಅದಕ್ಕೆ ಮುಂಚೆ ಮೇಜಿನ ಮೇಲೆ ಕಂಡ ಪತ್ರದಲ್ಲಿ ಯಾವ ಊರಿನ ಹೆಸರಿತ್ತು ಎನ್ನುವುದು ನೆನಪಿರುವುದಿಲ್ಲ. ಸುಳಿವುಗಳನ್ನೆಲ್ಲ ಬರೆದಿಡುವ ಕೇಸ್‌ಬುಕ್ ತೆಗೆದು ಓದಬಹುದು, ನಿಜ. ಆದರೆ ಓದಿ ನೆನಪಿಸಿಕೊಂಡ ಸುಳಿವಿಗೂ ಮನಸ್ಸಿನಲ್ಲಿ ಹುಳದ ಹಾಗೆ ಕೊರೆಯುತ್ತಿರುವ ಸುಳಿವಿಗೂ ಬಹಳ ವ್ಯತ್ಯಾಸ.

ಆ ಮಳೆಗಾಲದ ನಾಲ್ಕು ಜನರ ಕಥೆ ಇಲ್ಲಿ ಏನಾಗುತ್ತದೆ? ತೊಲೆ ದಾಟುವಾಗ ಕಂಟ್ರೋಲರ್ ಹಿಡಿದವನೊಬ್ಬನಿಗೇ ಕೆಲಸ. ಉಳಿದ ಮೂವರು ಮೊಬೈಲ್ ತೆಗೆಯುತ್ತಾರೆ.

ಒಳ್ಳೆಯದೂ ಇದೆ, ಹೇಳಲೇಬೇಕು. ಎದುರಿಗೆ ನಿಂತವರನ್ನು ಅಳೆಯುವ ವಿಧಾನವನ್ನು ಈ ಆಟ ಹಿಂದಿನದಕ್ಕಿಂತ ಹರಿತ ಮಾಡಿದೆ. ಹಿಂದಿನದರಲ್ಲಿ ಮುಖ, ಕೈ, ಬಟ್ಟೆಯ ಮೇಲಿನ ಗುರುತುಗಳನ್ನು ಹುಡುಕಿದರೆ ಆಯಿತು, ಸಿಕ್ಕಿದ್ದೆಲ್ಲ ಸತ್ಯ. ಇಲ್ಲಿ ಸಿಕ್ಕ ಗುರುತಿಗೆ ಎರಡು ಅರ್ಥ ಬರಬಹುದು, ಒಂದನ್ನು ನೀವೇ ಆರಿಸಬೇಕು, ತಪ್ಪಾಗಿ ಆರಿಸಿದರೆ ಆ ಮನುಷ್ಯನ ಬಗ್ಗೆ ನಿಮ್ಮ ಅಂದಾಜೇ ತಪ್ಪು. ಕೈಯ ಮೇಲಿನ ಕಲೆ ಕೆಲಸದ್ದೋ ಜಗಳದ್ದೋ? ಅಡಿಕೆ ಸುಲಿದ ಕೈಗೂ ಗೇರುಬೀಜ ಒಡೆದ ಕೈಗೂ ಕಲೆಯಲ್ಲೇ ವ್ಯತ್ಯಾಸ ಹೇಳುವ ನಮ್ಮ ಹಿರಿಯರಿಗೆ ಈ ಭಾಗ ಕೊಟ್ಟರೆ ಖುಷಿಪಟ್ಟು ಆಡುತ್ತಿದ್ದರು. ಆತುರಪಡಬೇಡಿ, ಮುಖ ಒಂದನ್ನೇ ನೋಡಿ ಬಿಡಬೇಡಿ, ಕ್ಯಾಮೆರಾ ಕೆಳಗಿಳಿಸಿ ಬೂಟು, ಪ್ಯಾಂಟಿನ ತುದಿ, ಬೆರಳು ನೋಡಿ. ಎಲ್ಲ ಗುರುತು ಸಿಕ್ಕ ಮೇಲೆ, ಒಂದು ಇನ್ನೊಂದಕ್ಕೆ ಸಾಕ್ಷಿ ಹೇಳುತ್ತದಾ ಅಂತ ತಾಳೆ ಹಾಕಿ ಆಮೇಲೆ ಅರ್ಥ ಆರಿಸಿ.

ನಾಲ್ಕನೆಯ ಪ್ರಕರಣ ‘ಚೈನ್ ರಿಯಾಕ್ಷನ್’ ಈ ಆಟ ಏನಾಗಬಹುದಿತ್ತು ಎನ್ನುವುದಕ್ಕೆ ನಿದರ್ಶನ. ಬೀದಿಯಲ್ಲಿ ಕುದುರೆಗಾಡಿಗಳು ಒಂದರ ಮೇಲೊಂದು ಬಿದ್ದು ದೊಡ್ಡ ಅಪಘಾತ. ಹೋಮ್ಸ್ ಮತ್ತು ಅವನ ಗೆಳೆಯ ವಾಟ್ಸನ್ ಅದರೊಳಗೇ ಇದ್ದವರು. ಯಾವ ಗಾಡಿ ಮೊದಲು ತಿರುಗಿತು, ಯಾವ ಕುದುರೆ ಬೆಚ್ಚಿತು, ಸರಕು ಯಾವಾಗ ಉರುಳಿತು ಎಂದು ಒಂದೊಂದೇ ಘಟನೆಯನ್ನು ನೀವು ಸರಿಯಾದ ಸರದಿಯಲ್ಲಿ ಇಡಬೇಕು. ಇಟ್ಟ ಮೇಲೆ ಅಪಘಾತ ಕಣ್ಣೆದುರು ಮತ್ತೆ ನಡೆಯುತ್ತದೆ, ಸರದಿ ತಪ್ಪಿದ್ದರೆ ಎಲ್ಲಿ ತಪ್ಪಿತೆಂದು ನೋಡಿದವರಿಗೇ ಗೊತ್ತಾಗುತ್ತದೆ. ಮುಖ್ಯ ರಸ್ತೆಯಲ್ಲಿ ಅಪಘಾತವಾದ ಕೂಡಲೇ ಸುತ್ತ ಸೇರಿದ ಹತ್ತು ಜನ ಹತ್ತು ಥರ ಹೇಳುತ್ತಾರಲ್ಲ, ಹಾಗೆಯೇ. ಇಲ್ಲಿ ಮಾಡುವ ಪ್ರತಿ ಪ್ರಯತ್ನವೂ ಯೋಚನೆಯೇ, ಸೋತರೂ ಏನೋ ಕಲಿತ ಹಾಗಾಗುತ್ತದೆ. ಇಡೀ ಆಟ ಇದೇ ಹದದಲ್ಲಿದ್ದಿದ್ದರೆ ಈ ವಿಮರ್ಶೆ ಬೇರೆ ಥರ ಇರುತ್ತಿತ್ತು. ಬೇಸರದ ವಿಷಯವೆಂದರೆ ಪ್ರಕರಣಗಳು ಸಾಲಾಗಿ ಬರುತ್ತವೆ, ಇಲ್ಲಿಗೆ ಮುಟ್ಟಬೇಕಾದರೆ ವಿಗಿನ್ಸ್‌ನನ್ನೂ ದೇಗುಲವನ್ನೂ ದಾಟಿಯೇ ಬರಬೇಕು. ನಡುವೆ ಬರುವ ಮೂರನೆಯದು ‘ಇನ್‌ಫೆಮಿ’. ಹೋಮ್ಸ್‌ನ ಹಿಂದೆ ಬಿದ್ದು ಅವನ ಪಾತ್ರ ಕಲಿಯಲು ಬರುವ ಆರ್ಸನ್ ವೈಲ್ಡ್ ಎನ್ನುವ ನಟ ನಗಿಸುತ್ತಾನೆ, ಮಿಕ್ಕದ್ದು ಸಾಧಾರಣ.

ಇನ್ನು ಹೆಸರಿನಲ್ಲಿರುವ ಮಗಳ ವಿಷಯ. ಡೆವಿಲ್ ಅಂದರೆ ಹೋಮ್ಸ್‌ನ ಕಡುವೈರಿ ಮೊರಿಯಾರ್ಟಿ, ಮಗಳು ಕೇಟ್ಲಿನ್. ಅವಳನ್ನು ಹೋಮ್ಸ್ ಸಾಕುತ್ತಿದ್ದಾನೆ. ಈ ಎಳೆ ಹುಟ್ಟಿದ್ದು 2012ರ ‘ದಿ ಟೆಸ್ಟಮೆಂಟ್ ಆಫ್ ಶೆರ್ಲಾಕ್ ಹೋಮ್ಸ್’ನ ಕೊನೆಯಲ್ಲಿ. ಅದನ್ನು ಆಡದವರಿಗೆ ಇವಳು ಎಲ್ಲಿಂದ ಬಂದಳು ಎನ್ನುವ ಪ್ರಶ್ನೆ, ಆಡಿದವರಿಗೆ ಎಲ್ಲ ಮೊದಲೇ ಗೊತ್ತು. ಯಾವ ಕಡೆಯಿಂದ ನೋಡಿದರೂ ರಹಸ್ಯ ಇಲ್ಲ. ಆಟದಲ್ಲಿ ಸತ್ಯ ತಿಳಿಯದ ಮುಖ್ಯ ಪಾತ್ರ ಎಂದರೆ ಆ ಹುಡುಗಿಯೊಬ್ಬಳೇ, ಹೋಮ್ಸ್‌ಗೂ ಗೊತ್ತು, ವಾಟ್ಸನ್‌ಗೂ ಗೊತ್ತು, ಕವರ್ ನೋಡಿದ ನಿಮಗೂ ಗೊತ್ತು. ಪಕ್ಕದ ಮನೆಗೆ ಬರುವ ಆಲಿಸ್ ಡಿ ಬೋವಿಯೆ ಎನ್ನುವ ಹೆಂಗಸು ಪ್ರೇತಗಳ ಜೊತೆ ಮಾತಾಡುವ ಗೋಷ್ಠಿ ನಡೆಸುವವಳು. ಅವಳು ಮೊದಲ ಸಲ ನಕ್ಕಾಗಲೇ ನೋಡುವವರಿಗೆ ಅನುಮಾನ ಹತ್ತುತ್ತದೆ, ಪತ್ತೇದಾರನೊಬ್ಬನಿಗೆ ಬಿಟ್ಟು. ಎಲ್ಲರನ್ನೂ ಬೂಟಿನ ಕೆಸರಿನಿಂದ ಅಳೆಯುವವನಿಗೆ ಪಕ್ಕದ ಮನೆಯವಳು ಕಾಣದಿದ್ದುದು ಕಥೆಗಾರರ ಅನುಕೂಲಕ್ಕೆ. ಐದನೆಯ ಪ್ರಕರಣ ‘ಫೀವರ್ ಡ್ರೀಮ್ಸ್’ ಈ ಎಳೆಯನ್ನು ಗಂಟು ಹಾಕಲು ಬರುತ್ತದೆ, ಉಳಿದವುಗಳಿಗಿಂತ ಚಿಕ್ಕದು. ಅದರಲ್ಲಿ ಓಟ, ಬೆನ್ನಟ್ಟುವಿಕೆಯ ಪಾಲು ಜಾಸ್ತಿ, ಹಲಗೆಯ ಪಾಲು ಕಡಿಮೆ. ಹಿಂದಿನದರ ಆರಕ್ಕೆ ಇದರ ಐದು ಅಂತ ಪೆಟ್ಟಿಗೆ ಮೇಲಿನ ಲೆಕ್ಕ ಹೇಳುತ್ತದೆ, ನಿಜವಾದ ಲೆಕ್ಕ ನಾಲ್ಕು ಚಿಲ್ಲರೆ.

ಮುಖವೂ ಬದಲಾಗಿದೆ. ಹಿಂದಿನ ಹೋಮ್ಸ್ ವಯಸ್ಸಾದ, ಒಣಕಲು, ಸ್ವಲ್ಪ ಸಿಡುಕಿನ ಮೇಷ್ಟ್ರ ಹಾಗಿದ್ದ. ಕೆರ್ರಿ ಶೇಲ್ ಎನ್ನುವವರ ಧ್ವನಿ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹೊಸ ಹೋಮ್ಸ್ ಯುವಕ, ಗಡ್ಡದ ನೆರಳಿನ ಗಟ್ಟಿ ದವಡೆ, ಧ್ವನಿ ಅಲೆಕ್ಸ್ ಜೋರ್ಡನ್ ಅವರದು. ಜೋರ್ಡನ್ ಕೆಟ್ಟದಾಗಿ ಮಾಡಿಲ್ಲ, ಮುಂದಿನ ಆಟಗಳಲ್ಲೂ ಅವರೇ ಮುಂದುವರಿದರು. ಆದರೆ ಒಂದೇ ಸರಣಿಯ ಎರಡು ಆಟಗಳ ನಡುವೆ ಒಂದು ಮಾತೂ ಹೇಳದೆ ಮುಖ್ಯ ಪಾತ್ರಧಾರಿಯನ್ನು ಬದಲಿಸಿದರೆ ಧಾರಾವಾಹಿ ನೋಡುವವರೂ ಸಿಟ್ಟಾಗುತ್ತಾರೆ, ಆಟಗಾರರು ಆಗದಿರುತ್ತಾರೆಯೇ.

ಲೋಡಿಂಗ್ ಬಗ್ಗೆ ಒಂದು ಮಾತು, ಯಾಕೆಂದರೆ ಇದು ಆಟದ ರುಚಿಗೇ ಸಂಬಂಧಿಸಿದ್ದು. ಬೇಕರ್ ಸ್ಟ್ರೀಟ್, ಸ್ಕಾಟ್ಲೆಂಡ್ ಯಾರ್ಡ್, ವೈಟ್‌ಚಾಪೆಲ್ ನಡುವೆ ಓಡಾಡುವಾಗ ಹೋಮ್ಸ್ ಕುದುರೆಗಾಡಿಯಲ್ಲಿ ಕೂತಿರುವ ದೃಶ್ಯ ಬರುತ್ತದೆ. ಅದರ ಹಿಂದೆ ಮುಂದಿನ ಜಾಗ ಲೋಡ್ ಆಗುತ್ತಿರುತ್ತದೆ. ಎರಡೂ ಆಟ ಅನ್‌ರಿಯಲ್ ಎಂಜಿನ್ 3 ಎನ್ನುವ ಒಂದೇ ತಂತ್ರಾಂಶದ ಮೇಲೆ ಕಟ್ಟಿದವು, ಎರಡರಲ್ಲೂ ಈ ಗಾಡಿ ಇದೆ. ಎರಡನೆಯದರಲ್ಲಿ ಬೀದಿಗಳು ದೊಡ್ಡವು, ಜನ ಹೆಚ್ಚು, ಹಾಗಾಗಿ ಕಾಯುವುದೂ ಹೆಚ್ಚು, ಹಳೆಯ ಹಾರ್ಡ್ ಡಿಸ್ಕ್ ಇದ್ದರಂತೂ ಕಷಾಯ ಕುಡಿದು ಮುಗಿಸಬಹುದು. ಬೀದಿ ದೊಡ್ಡದಾದರೂ ಅಲ್ಲಿ ಮಾಡುವ ಕೆಲಸ ಬೆಳೆದಿಲ್ಲ. ಹೆಚ್ಚಿನ ಬಾಗಿಲು ಮುಚ್ಚಿವೆ, ಹೆಚ್ಚಿನ ಜನ ಮಾತಾಡುವುದಿಲ್ಲ. ಒಂದು ಪ್ರಶ್ನೆ ಕೇಳಲು ಹೋಗಿ, ಇನ್ನೊಂದು ಪುಸ್ತಕ ನೋಡಲು ವಾಪಸ್ ಬಂದು, ಮತ್ತೆ ಹೋದರೆ ಮೂರು ಗಾಡಿ ಸವಾರಿ. ಆದ್ದರಿಂದ ಬೇಕರ್ ಸ್ಟ್ರೀಟಿನಿಂದ ಹೊರಡುವ ಮೊದಲು ಹಳೆಯ ಪತ್ರಿಕೆಗಳ ಸಂಗ್ರಹ ನೋಡುವುದು, ಪ್ರಯೋಗದ ಮೇಜಿನ ಕೆಲಸ, ವಾಟ್ಸನ್ ಜೊತೆ ಮಾತು, ಎಲ್ಲ ಮುಗಿಸಿಕೊಂಡೇ ಹೊರಡಿ. ಹಾರ್ಡ್ ಡಿಸ್ಕ್‌ಗಿಂತ ವೇಗದ ಎಸ್‌ಎಸ್‌ಡಿಯಲ್ಲಿ ಜಾಗ ಮಾಡಿಕೊಟ್ಟರೆ ಈ ಆಟಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಭಾಷೆ ಇನ್ನೊಂದು ಅಡ್ಡಿ. ಮಾತು ಇಂಗ್ಲಿಷ್, ಕನ್ನಡದ ಅಕ್ಷರ ಎಲ್ಲೂ ಇಲ್ಲ. ಸಾಧಾರಣ ಇಂಗ್ಲಿಷ್ ಆಗಿದ್ದರೆ ಪರವಾಗಿರಲಿಲ್ಲ, ವಿಕ್ಟೋರಿಯಾ ಕಾಲದ ಲಂಡನ್ನಿನ ಓಣಿ ಮಾತು ಓದಿ ಅರ್ಥಮಾಡಿಕೊಳ್ಳಲು ಹೊತ್ತು ಬೇಕು. ಸಾಕ್ಷಿ ಸುಳ್ಳು ಹೇಳಿದ ಕೂಡಲೇ ಪರದೆಯ ಮೇಲೆ ಒಂದು ಬಟನ್ ಗುರುತು ಮಿನುಗುತ್ತದೆ, ಕೆಲವೇ ಕ್ಷಣದಲ್ಲಿ ಒತ್ತಿ, ಆ ಸುಳ್ಳನ್ನು ಮುರಿಯುವ ಸುಳಿವನ್ನು ಪಟ್ಟಿಯಿಂದ ಆರಿಸಬೇಕು. ಅವಕಾಶ ತಪ್ಪಿದರೆ ಆ ಮಾತು ಹಾಗೇ ಹೋಗುತ್ತದೆ. ಸಬ್‌ಟೈಟಲ್ ಹಾಕಿಕೊಳ್ಳಿ, ಯಾರನ್ನೇ ಮಾತಾಡಿಸುವ ಮೊದಲು ಕೇಸ್‌ಬುಕ್ ತೆರೆದು ಅಲ್ಲಿಯವರೆಗಿನ ಸುಳಿವುಗಳ ಹೆಸರು ಒಮ್ಮೆ ಓದಿಕೊಳ್ಳಿ. ಪಟ್ಟಿ ಗೊತ್ತಿದ್ದರೆ ಸುಳ್ಳು ತಾನಾಗಿ ಕಿವಿಗೆ ಬೀಳುತ್ತದೆ. ಇದು ಎರಡೂ ಆಟಕ್ಕೆ ಅನ್ವಯಿಸುವ ಮಾತು.

ಕರೆಂಟಿನ ವಿಷಯ ಹೇಳದಿದ್ದರೆ ಮಲೆನಾಡಿನಲ್ಲಿ ಗೇಮ್ ವಿಮರ್ಶೆ ಪೂರ್ತಿಯಾಗುವುದಿಲ್ಲ. ಆಟ ತಾನಾಗೇ ಸೇವ್ ಆಗುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಲೈನ್ ಹೋಗುವುದು ನಿತ್ಯದ ಕಥೆ. ಡೆಸ್ಕ್‌ಟಾಪ್‌ನಲ್ಲಿ ಆಡುವವರು ಮನೆಯ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ಬದಲಿಸಿಕೊಳ್ಳಿ. ಸಾಮಾನ್ಯ ಮೋಡ್‌ನಲ್ಲಿ ಕರೆಂಟು ಹೋಗಿ ಬ್ಯಾಟರಿಗೆ ಬರುವಷ್ಟರಲ್ಲಿ ಫ್ಯಾನ್, ದೀಪಕ್ಕೆ ಏನೂ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ಆರಿ ಮತ್ತೆ ಶುರುವಾಗುತ್ತದೆ. ಸೇವ್ ಆಗುತ್ತಿರುವ ಗುರುತು ಪರದೆಯಲ್ಲಿರುವಾಗಲೇ ಹಾಗಾದರೆ ಸೇವ್ ಫೈಲ್ ಕೆಡಬಹುದು. ಡೌನ್‌ಲೋಡ್ ರಾತ್ರಿಗೆ ಹಾಕಿ ಮಲಗಿ, ನಡುವೆ ನೆಟ್ ಹೋದರೂ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಬಿಟ್ಟಲ್ಲಿಂದಲೇ ಮುಂದುವರಿಸುತ್ತದೆ.

ಕೊಳ್ಳಬೇಕೋ ಬೇಡವೋ? ‘ಕ್ರೈಮ್ಸ್ ಆ್ಯಂಡ್ ಪನಿಷ್‌ಮೆಂಟ್ಸ್’ ಇನ್ನೂ ಆಡಿಲ್ಲದಿದ್ದರೆ ಅದನ್ನೇ ಮೊದಲು ತೆಗೆದುಕೊಳ್ಳಿ, ಎರಡು ಮಾತಿಲ್ಲ. 2019ರಲ್ಲಿ ಹಳೆಯ ಪ್ರಕಾಶಕರ ಜೊತೆಗಿನ ತಕರಾರಿನಿಂದ ಫ್ರಾಗ್‌ವೇರ್ಸ್‌ನ ಕೆಲವು ಆಟಗಳು ಡಿಜಿಟಲ್ ಅಂಗಡಿಗಳಿಂದ ಮಾಯವಾಗಿದ್ದವು, ಆಮೇಲೆ ವಾಪಸ್ ಬಂದವು. ‘ಡೆವಿಲ್ಸ್ ಡಾಟರ್’ ಅನ್ನು ಪೂರ್ತಿ ಬೆಲೆಗೆ ಕೊಳ್ಳಬೇಡಿ, ಸೇಲ್ ಬಂದಾಗ ನೋಡಿ. ಸ್ಟೀಮ್‌ನಲ್ಲಿ ಯುಪಿಐ ನಡೆಯುತ್ತದೆ. ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್ ಕೇಳಬಹುದು. ಈ ಆಟದ ಮಟ್ಟಿಗೆ ಆ 2 ಗಂಟೆ ಬಹಳ ಉಪಯೋಗದ್ದು: ಕಾಡಿನ ಓಟ, ಹುಡುಗ ಟಾಮ್, ವಿಗಿನ್ಸ್ ಹಿಂಬಾಲಿಸುವುದು ಎಲ್ಲ ಶುರುವಿನಲ್ಲೇ ಬರುತ್ತವೆ. ವಿಗಿನ್ಸ್‌ನನ್ನು ದಾಟುವಾಗ ನಿಮಗೆ ಬೇಜಾರಾಗದಿದ್ದರೆ ಮುಂದಿನದೂ ಆಗುವುದಿಲ್ಲ. ಅಲ್ಲೇ ಕಂಟ್ರೋಲರ್ ಎಸೆಯಬೇಕು ಅನ್ನಿಸಿದರೆ ಗಡಿಯಾರ ನೋಡಿಕೊಂಡು ಹಣ ವಾಪಸ್ ಪಡೆಯಿರಿ. ಮನೆ ಹುಡುಗರು ಆಡುವುದಾದರೆ ಒಂದು ಎಚ್ಚರಿಕೆ, ಎರಡೂ ಆಟಗಳಲ್ಲಿ ಹೆಣಗಳನ್ನು ಹತ್ತಿರದಿಂದ ಪರೀಕ್ಷಿಸುವುದಿದೆ, ರಕ್ತಕ್ಕೇನೂ ಮರೆಯಿಲ್ಲ.

ಮಾಡಿದವರಿಗೆ ಈ ದೂರು ಮುಟ್ಟಿತೇ? 2021ರ ನವೆಂಬರ್ 16ರಂದು ಅವರೇ ಪ್ರಕಟಿಸಿದ ‘ಶೆರ್ಲಾಕ್ ಹೋಮ್ಸ್ ಚಾಪ್ಟರ್ ಒನ್’ ನೋಡಿದರೆ ಸ್ವಲ್ಪ ಮಟ್ಟಿಗೆ ಮುಟ್ಟಿದೆ ಅನ್ನಿಸುತ್ತದೆ. ಯುವ ಹೋಮ್ಸ್, ಕೊರ್ಡೋನಾ ಎನ್ನುವ ಕಲ್ಪನೆಯ ದ್ವೀಪ, ದೊಡ್ಡ ಊರು. ಅಲ್ಲಿ ದಾರಿಹೋಕನನ್ನು ಏನಾದರೂ ಕೇಳಬೇಕಾದರೆ ಮೊದಲು ಸಂಬಂಧಪಟ್ಟ ಸುಳಿವನ್ನು ಪಿನ್ ಮಾಡಿಕೊಳ್ಳಬೇಕು, ಅಂದರೆ ಪಟ್ಟಿಯಿಂದ ಆರಿಸಿ ಮುಂದಿಟ್ಟುಕೊಳ್ಳಬೇಕು. ತಪ್ಪು ಸುಳಿವು ಪಿನ್ ಮಾಡಿ ಕೇಳಿದರೆ ಎದುರಿನವನು ಭುಜ ಕುಣಿಸಿ ಹೋಗುತ್ತಾನೆ. ಗುಂಡಿನ ಕಾದಾಟ ಆ ಆಟದಲ್ಲೂ ಇದೆ, ಅದೂ ಬೇಸರದ್ದೇ. ಆದರೆ ಅದನ್ನು ಬಿಟ್ಟು ಮುಂದೆ ಹೋಗುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲೇ ಇಟ್ಟಿದ್ದಾರೆ. ಆಟ ಶುರು ಮಾಡುವ ಮೊದಲೇ ಅಲ್ಲಿಗೆ ಹೋಗಿ ಅದನ್ನು ಆರಿಸಿಕೊಂಡುಬಿಡಿ.